ಮಾವನ ಪೂಜೆಗೆ ಒಪ್ಪುವ ಜನರೇಟರ್

ನಮ್ಮ ಮಾವನವರ ಬೆಳಗಿನ ಪೂಜೆಗೆ ಅಡ್ಡಿಯಾಗಬಾರದೆಂದು ನಾನು ಹಟ ಹಿಡಿದು ಒಂದು ಜನರೇಟರ್ ಆರಿಸಿದೆ. ಅದು ಹದಿನೇಳು ದಿನ ಅವರ ಉಸಿರಿನ ಪಕ್ಕದಲ್ಲೇ ನಿಂತು ಓಡಿತು. ಆ ಹದಿನೇಳು ದಿನ ಅವರ ಜೀವ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತಿತ್ತು, ನಾವು ಮನೆಮಂದಿ ಅದನ್ನು ಕಣ್ಣಾರೆ ಕಂಡು ಸಂತೋಷಪಡುತ್ತಿದ್ದೆವು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟಿದೆ. ಬರೆದರೆ ಆ ಸಿಟ್ಟು ಇಳಿಯುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ನಾವು ಇರುವುದು ಆಳಂದದಲ್ಲಿ. ನಮ್ಮ ಮನೆಯವರು ಮೊದಲು ಬಾಡಿಗೆ ಕಾರು ಓಡಿಸುತ್ತಿದ್ದರು. ಸೊಂಟ ನೋವು ಶುರುವಾದ ಮೇಲೆ ಸ್ಟೇರಿಂಗ್ ಬಿಟ್ಟು, ಕಾರು ತೊಳೆದು ಪಾಲಿಶ್ ಮಾಡುವ ಕೆಲಸಕ್ಕೆ ಇಳಿದರು. ಅದಕ್ಕೆ ಅಂಗಡಿ ಹಾಕಲಿಲ್ಲ. ಒಂದು ಸಣ್ಣ ಮಾಲುಗಾಡಿಯಲ್ಲಿ ನೀರಿನ ಟಾಕಿ, ಜೋರಾಗಿ ನೀರು ಹೊಡೆಯುವ ಮಷೀನು, ಧೂಳು ಎಳೆಯುವ ಮಷೀನು, ಪಾಲಿಶ್ ಮಷೀನು ಇಟ್ಟುಕೊಂಡು ಗಿರಾಕಿಯ ಮನೆ ಬಾಗಿಲಿಗೇ ಹೋಗುವುದು. ಒಂದು ದಿನ ಅಫಜಲಪುರ, ಒಂದು ದಿನ ಜೇವರ್ಗಿ, ಒಮ್ಮೊಮ್ಮೆ ಹಿರೋಳ್ಳಿ ಕಡೆಯ ತೋಟದ ಮನೆಗಳು. ಗಾಡಿಯಲ್ಲಿ ನಾನೂ ಇರುತ್ತೇನೆ. ಫೋನು ಹಿಡಿಯುವುದು, ಸೀಟು ಒರೆಸುವುದು, ಗಿರಾಕಿ ತಗಾದೆ ತೆಗೆದರೆ ಉತ್ತರ ಕೊಡುವುದು ನನ್ನ ಪಾಲು. ಹೆಂಗಸು ಕಾರು ತೊಳೆಯುತ್ತಾಳೆಂದು ಮೂಗು ಮುರಿದವರು ಬೇಕಾದಷ್ಟು ಮಂದಿ. ಅವರ ಕಾರಿನ ಸೀಟಿನ ಸಂದಿಯಲ್ಲಿ ನನಗೆ ಸಿಕ್ಕ ವಸ್ತುಗಳ ಹೆಸರು ಹೇಳಿದರೆ ಮೂಗು ತಾನೇ ನೆಟ್ಟಗಾಗುತ್ತಿತ್ತು. ಹೇಳಿಲ್ಲ, ಅಷ್ಟೆ.

ತೊಂದರೆ ಇದ್ದದ್ದು ಕರೆಂಟಿನದು. ಜೇವರ್ಗಿಯಲ್ಲಿ ಒಬ್ಬ ಗುತ್ತಿಗೆದಾರರ ಬಿಳಿ ಕಾರಿಗೆ ಮೇಲಿಂದ ಕೆಳಗಿನವರೆಗೆ ನೊರೆ ಹಚ್ಚಿ ನಿಂತಿದ್ದೆವು. ಕರೆಂಟು ಹೋಯಿತು. ಟಾಕಿಯಲ್ಲಿ ನೀರಿದೆ, ಹೊಡೆಯುವ ಮಷೀನು ಸುಮ್ಮನಿದೆ. ಮೇ ತಿಂಗಳ ಬಿಸಿಲಿಗೆ ನೊರೆಯೆಲ್ಲ ಕಾರಿನ ಮೇಲೇ ಒಣಗಿ, ಅಂಬಲಿ ಚೆಲ್ಲಿದ ಹಾಗೆ ಕಲೆ ಬಿತ್ತು. ನಾವಿಬ್ಬರೂ ಕೊಡದಲ್ಲಿ ನೀರು ಹೊತ್ತು ಹಾಕಿದರೂ ಅದು ಬಿಡಲಿಲ್ಲ. ಆ ಮನೆಯ ಯಜಮಾನರು ಬೈಯಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ನಾನಾದರೂ ತಿರುಗಿ ಏನಾದರೂ ಅನ್ನಬಹುದಿತ್ತು. ಬರುವಾಗ ಗಾಡಿಯಲ್ಲಿ, ಜನರೇಟರ್ ಇಲ್ಲದೆ ಇನ್ನು ಹೊಸ್ತಿಲು ದಾಟುವುದಿಲ್ಲ ಎಂದು ನಮ್ಮ ಮನೆಯವರಿಗೆ ಖಡಾಖಂಡಿತವಾಗಿ ಹೇಳಿದೆ.

ಮೊದಲು ನೋಡಿದ್ದು ಜೇವರ್ಗಿಯಲ್ಲೇ ಒಬ್ಬ ಶಾಮಿಯಾನದವನ ಬಳಿ ಇದ್ದ ಹಳೆಯ ಮಷೀನು. ಕಬ್ಬಿಣದ ಕೊಳವೆಗಳ ಚೌಕಟ್ಟಿನಲ್ಲಿ ಎಂಜಿನ್ನು ಬತ್ತಲೆಯಾಗಿ ಕುಳಿತಿತ್ತು. ಹಗ್ಗ ಎಳೆದು ಚಾಲೂ ಮಾಡಿದ ಕೂಡಲೇ ಎದುರಿನ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದವು. ನಮ್ಮ ಮನೆಯವರಿಗೆ ಅದು ಬಹಳ ಮೆಚ್ಚಿಗೆಯಾಯಿತು. ಸುತ್ತಲೂ ತೆರೆದಿದೆ, ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಾಣುತ್ತದೆ, ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸುತ್ತಾನೆ ಎಂದರು. ನಾನು ಕಿವಿಯಿಂದ ಕೈ ತೆಗೆಯಲಿಲ್ಲ.

"ಈ ಆವಾಜಿಗೆ ಮಾವಾರು ಪೂಜಾ ಮಾಡೂದು ಹ್ಯಾಂಗ್ರಿ?" ಎಂದೆ.

"ಆವಾಜ ಇದ್ರ ಛಲೋನೇ ಅದ. ಚಾಲೂ ಅದನೋ ಬಂದ್ ಅದನೋ ಊರಿಗೆಲ್ಲ ಗೊತ್ತಾಗ್ತದ," ಎಂದರು ಅವರು.

ಅವರು ಅದನ್ನು ತಮಾಷೆಗೇ ಅಂದದ್ದು.

ಮಾವನವರ ಪೂಜೆಯ ವಿಷಯ ಹೇಳಬೇಕು. ಅವರು ತೊಗರಿ ಅಡತಿಯಲ್ಲಿ ಚೀಲ ತೂಗುವ ಕೆಲಸ ಮಾಡಿ ದಣಿದವರು. ಎಷ್ಟೇ ದಣಿದರೂ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸುತ್ತಾ ಕೂರುವುದನ್ನು ಬಿಟ್ಟವರಲ್ಲ. ಹಿಂದೆ ಅರ್ಧ ತಾಸು ಹಾಗೆ ಕೂರುತ್ತಿದ್ದರಂತೆ. ಎರಡು ವರ್ಷದ ಹಿಂದೆ ನಮ್ಮ ಅತ್ತೆ ತೀರಿಕೊಂಡ ಮೇಲೆ ಅದು ಅವರಿಗೆ ದಕ್ಕಲಿಲ್ಲ. ಕೂತು ಹತ್ತು ನಿಮಿಷಕ್ಕೆ ಬಾಗಿಲು ತೆರೆದು ಹೊರಗೆ ಬರುತ್ತಿದ್ದರು. ಮುಖ ಸಿಡಿಮಿಡಿ. "ಮನಸ್ಸು ನಿಲ್ಲವಲ್ದು ಯವ್ವಾ," ಎನ್ನುತ್ತಿದ್ದರು. ಬೀದಿಯಲ್ಲಿ ಬೈಕು ಹೋದರೆ ಎದ್ದರು, ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ಎದ್ದರು. ಬೈಕಿನದೂ ತಪ್ಪಿಲ್ಲ, ಕುಕ್ಕರಿನದೂ ತಪ್ಪಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರು ಕೂತಿದ್ದಾಗ ನಾನು ಪಾತ್ರೆ ಸದ್ದು ಮಾಡುತ್ತಿರಲಿಲ್ಲ.

ಹಾಗಾಗಿ ನಾನು ಕಲಬುರಗಿಗೆ ಹೋಗಿ ಎರಡನೆಯ ಮಷೀನು ನೋಡಿದೆ. ಸುತ್ತ ಮುಚ್ಚಿದ ಡಬ್ಬಿ, ಎರಡು ಗಾಲಿ, ಎಳೆಯಲು ಹಿಡಿಕೆ, ಚಾಲೂ ಮಾಡಲು ಕೀಲಿ. ಅಂಗಡಿಯವರು ತಿಳಿದವರು. ಯಾವ ಯಾವ ಮಷೀನು ಓಡಿಸುತ್ತೀರಿ ಎಂದು ಒಂದೊಂದನ್ನೇ ಕೇಳಿದರು. ನೀರು ಹೊಡೆಯುವ ಮೋಟಾರು ಶುರುವಾಗುವ ಗಳಿಗೆಯಲ್ಲಿ ಬಹಳ ಎಳೆಯುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಆ ಮೊದಲ ಎಳೆತವನ್ನು ತಡೆಯುವಂಥದ್ದೇ ಬೇಕು ಎಂದು ಬಿಡಿಸಿ ಹೇಳಿದರು. ಧೂಳು ಎಳೆಯುವುದು, ಪಾಲಿಶ್ ಮಾಡುವುದು ಎರಡನ್ನೂ ಒಟ್ಟಿಗೆ ಹಚ್ಚಬೇಡಿ ಎಂದರು. ಇಬ್ಬರು ಎತ್ತಿ ಗಾಡಿಗೆ ಏರಿಸಬಹುದೇ ಎಂದು ನಮ್ಮಿಬ್ಬರಿಂದಲೇ ಎತ್ತಿಸಿ ನೋಡಿದರು. ಆಮೇಲೆ ಚಾಲೂ ಮಾಡಿದರು. ನಾನು ಅದರ ಎದುರೇ ನಿಂತಿದ್ದೆ. ಪಕ್ಕದ ಕೋಣೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದಷ್ಟು ಸದ್ದು.

"ಹೊಸಾ ಎಂಜಿನ್ ಅದರಿ. ಮದಲ ಇಪ್ಪತ್ತು ತಾಸು ಹಗೂರಕ ಓಡಸ್ಬೇಕು. ದಿನಾ ಒಂದು ತಾಸು, ಜಾಸ್ತಿ ಭಾರ ಹಾಕಬ್ಯಾಡ್ರಿ. ಆಮ್ಯಾಲ ಎಣ್ಣಿ ಬದಲಿ ಮಾಡ್ರಿ," ಎಂದರು ಅಂಗಡಿಯವರು. ಅದಾದ ಮೇಲೆ ಇನ್ನೊಂದು ಮಾತು ಹೇಳಿದರು. "ಬಂದ್ ಜಾಗಾದಾಗ ಇಡಬ್ಯಾಡ್ರಿ. ಕಣ್ಣಿಗೆ ಕಾಣೂ ಹೊಗಿ ಏನೂ ಮಾಡಂಗಿಲ್ಲ. ಕಾಣದ್ದು, ವಾಸನಿ ಇಲ್ಲದ್ದು ಒಂದು ಇರ್ತದಲ್ರಿ, ಅದು ಕೆಟ್ಟದ್ದು."

"ನಾವು ಹೊರಗೇ ಇಡ್ತೇವ್ರಿ," ಎಂದು ಹೇಳಿ, ನೀಲಿ ಬಣ್ಣದ್ದು ಇದೆಯೇ ಎಂದು ಕೇಳಿದೆ.

ಹೊರಗೇ ಇಟ್ಟೆವು. ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಗೂ ಪಕ್ಕದವರ ಮನೆಗೂ ನಡುವೆ ಒಬ್ಬರು ಅಡ್ಡ ಹಾಯಬಹುದಾದಷ್ಟು ಅಗಲದ ಸಂದಿಯಿದೆ. ಎರಡೂ ಕಡೆ ಕಲ್ಲಿನ ಗೋಡೆ, ಹಿಂದೆ ಕಂಪೌಂಡು. ಹೊಸ ಮಷೀನು ಬಿಸಿಲಿಗೆ ಮಾಸಬಾರದೆಂದು ಮೇಲೆ ತಗಡು ಹೊದಿಸಿದ್ದು ನನ್ನ ಬುದ್ಧಿವಂತಿಕೆ. ಹೊಗೆಯ ಕೊಳವೆ ಮೊದಲು ಪಕ್ಕದವರ ಕಿಟಕಿಯ ಕಡೆಗಿತ್ತು. ನೆರೆಹೊರೆ ಎಂದ ಮೇಲೆ ಮರ್ಯಾದೆ ಇರಬೇಕಲ್ಲ, ಅದನ್ನು ನಮ್ಮ ಗೋಡೆಯ ಕಡೆಗೆ ತಿರುಗಿಸಿದೆವು. ನಮ್ಮ ಆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಸಣ್ಣ ಕಿಟಕಿ ಇತ್ತು. ಅದರ ಒಳಗೆ ಮಾವನವರ ಪೂಜೆಯ ಕೋಣೆ. ಸೆಖೆಯ ದಿನಗಳಾದ್ದರಿಂದ ಕಿಟಕಿ ತೆರೆದಿರುತ್ತಿತ್ತು, ಬಾಗಿಲು ಮಾತ್ರ ಒಳಗಿನಿಂದ ಮುಚ್ಚಿರುತ್ತಿತ್ತು.

ಕೆಲಸಕ್ಕೆ ಹೊರಡುವ ಮೊದಲೇ ಅಂಗಡಿಯವರು ಹೇಳಿದ ದಿನದ ಒಂದು ತಾಸು ಓಡಿಸಿಬಿಡೋಣವೆಂದು, ಮೊದಲನೆಯ ದಿನ ಅವರು ಪೂಜೆಗೆ ಕೂತಾಗಲೇ ಮಷೀನು ಹಚ್ಚಿ, ಅವರು ಏಳುತ್ತಾರೇನೋ ಎಂದು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಏಳಲಿಲ್ಲ. ಕಾಲು ತಾಸಾಯಿತು, ಅರ್ಧ ತಾಸಾಯಿತು. ಬಾಗಿಲು ತೆರೆದು ಬಂದಾಗ ಅವರ ಮುಖದಲ್ಲಿ ಸಿಡಿಮಿಡಿ ಇರಲಿಲ್ಲ.

"ಇವತ್ತ ನಿಂತಿತು ನೋಡವ್ವಾ," ಎಂದರು. ಎರಡು ವರ್ಷದಲ್ಲಿ ಮೊದಲ ಸಲ. ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅಲ್ಲಿಂದ ಮುಂದೆ ದಿನಕ್ಕಿಷ್ಟು ಹೆಚ್ಚು ಹೊತ್ತು ಕೂರತೊಡಗಿದರು. ತಲೆ ಭಾರ ಎನ್ನುತ್ತಿದ್ದರು, ಬಿಸಿಲು ಎಂದುಕೊಂಡೆವು. ಏಳುವಾಗ ಕಾಲು ಸೋಲುತ್ತಿತ್ತು. ಬಹಳ ಹೊತ್ತು ಮಡಚಿ ಕೂತದ್ದಕ್ಕೆ ಜೋಮು ಹಿಡಿದಿದೆ ಎಂದುಕೊಂಡೆವು. ಬೆಳಗಿನ ರೊಟ್ಟಿಯನ್ನು ದೂರ ಸರಿಸಿ, ಹೊಟ್ಟೆ ತೊಳಸುತ್ತದೆ, ಒಲ್ಲೆ ಎಂದರು. ಅವರಿಗೆ ಸಂಸಾರದ ರುಚಿ ಬಿಡುತ್ತಿದೆ, ಒಳ್ಳೆಯದೇ ಎಂದು ನಮ್ಮ ಮನೆಯವರು ನನಗೆ ಸಮಾಧಾನ ಹೇಳಿದರು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವರ ಬೆರಳು ತಡವರಿಸುತ್ತಿದ್ದವು. ಒಂದು ದಿನ ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ಆಗಲೂ ಹೆದರಬೇಕು ಎಂದು ನನಗೆ ಹೊಳೆಯಲಿಲ್ಲ.

ಎಲ್ಲಕ್ಕಿಂತ ನಮ್ಮನ್ನು ಕೆಡಿಸಿದ್ದು ಅವರ ಮುಖದ ಬಣ್ಣ. ಬಾಡಿ ಬೂದಿಯಾಗಿದ್ದ ಕೆನ್ನೆಗೆ ಕೆಂಪೇರಿತ್ತು. ಓಣಿಯ ಹೆಂಗಸರು ಬಂದು ನೋಡಿ, "ಮುಖದ ಮ್ಯಾಲ ಕಳಾ ಬಂದದ. ಇದು ಲಿಂಗಪೂಜಾದ ಫಲ ನೋಡ್ರಿ," ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದರು. ನನಗಂತೂ ಹೆಮ್ಮೆಯೋ ಹೆಮ್ಮೆ. ಅಫಜಲಪುರದಲ್ಲಿ ಒಬ್ಬ ಗಿರಾಕಿ ಮಷೀನಿನ ಹತ್ತಿರ ಬಂದು, ಇದು ಚಾಲೂ ಇದೆಯೇ ಎಂದು ಕೈಯಿಟ್ಟು ನೋಡಿದಾಗ, ಇದು ಬಂದ ಮೇಲೆ ನಮ್ಮ ಮಾವನವರ ಪೂಜೆ ಬೆಳೆದಿದೆ ಎಂದು ಕಥೆ ಬೇರೆ ಹೇಳಿದೆ. ಆ ದಿನಗಳಲ್ಲಿ ಸಂದಿಗೆ ಕಸ ಗುಡಿಸಲು ಹೋದರೆ ನನಗೂ ತಲೆ ಸುತ್ತುತ್ತಿತ್ತು. ಪೆಟ್ರೋಲ್ ವಾಸನೆಗೆ ಎಂದುಕೊಂಡು ಮೂಗಿಗೆ ಸೆರಗು ಕಟ್ಟಿಕೊಂಡೆ. ಸೆರಗಿಗೆ ಆ ವಿಷ ನಿಲ್ಲುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಹದಿನೇಳನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಜನ ಹೋಗುತ್ತಾರೆ, ಹೊಸ ಕಾರು ಕೊಂಡವರು ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸುತ್ತಾರೆ. ಅಂದು ನಮಗೆ ಅಲ್ಲಿ ಐದು ಕಾರಿನ ಕೆಲಸವಿತ್ತು. ಬೆಳಿಗ್ಗೆ ಎಂಟಕ್ಕೆಲ್ಲ ಹೊರಡಬೇಕು. ಟಾಕಿ ತುಂಬಿ, ಬಟ್ಟೆ, ಬ್ರಷ್ಷು, ಶಾಂಪೂ ಎಲ್ಲ ಏರಿಸಿ ಆಗಿತ್ತು. ಉಳಿದದ್ದು ಸಂದಿಯಲ್ಲಿ ಓಡುತ್ತಿದ್ದ ಜನರೇಟರ್ ಒಂದೇ. ಮಾವನವರು ಎದ್ದು ಬಂದ ಮೇಲೆ, ಅವರಿಗೆ ಹೇಳಿ, ಅದನ್ನು ಏರಿಸಿ ಹೊರಡುವುದು ಎಂದಿತ್ತು. ಹಿರಿಯರಿಗೆ ಹೇಳದೆ ಹೊರಡುವುದು ನಮ್ಮ ಮನೆಯಲ್ಲಿ ಇಲ್ಲ. ಪೂಜೆಗೆ ಕೂತವರನ್ನು ಕರೆಯುವುದಂತೂ ಇಲ್ಲವೇ ಇಲ್ಲ.

ಎಂಟಾಯಿತು. ಎಂಟೂಕಾಲಾಯಿತು. ನಾನು ಬಾಗಿಲ ಮುಂದೆ ಹೋದೆ, ಕೈ ಎತ್ತಿದೆ, ಬಡಿಯದೆ ತಿರುಗಿ ಬಂದೆ. ಫೋನಿನಲ್ಲಿ ಘತ್ತರಗಿಯ ಗಿರಾಕಿ ಒಂದೇ ಸಮನೆ ಕರೆಯುತ್ತಿದ್ದ.

"ಇವತ್ತ ಬಾಳ ಒಳಗ ಇಳದಾರ. ಇನ್ನ ಜರಾ ತಡಿ," ಎಂದರು ನಮ್ಮ ಮನೆಯವರು. ಅವರ ದನಿಯಲ್ಲಿ ಭಕ್ತಿ ಇತ್ತು.

ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಹೊತ್ತು ಕೂರಲು ಇವತ್ತೇ ಬೇಕಿತ್ತೇ ಎಂದು ಮನಸ್ಸಿನಲ್ಲೇ ಅವರನ್ನು ಬೈದುಕೊಂಡೆ. ಗೋಡೆಯ ಆಚೆ ಅವರು ಸಾಯುತ್ತಿದ್ದಾಗ ನಾನು ಮಾಡಿದ ಕೆಲಸ ಅದು.

ಎಂಟೂವರೆಯ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಸದ್ದು ಬಂತು. ಹಾಸುಗಲ್ಲಿನ ಮೇಲೆ ಏನೋ ಬಿದ್ದು, ಸ್ವಲ್ಪ ಉರುಳಿ, ನಿಂತ ಸದ್ದು. ನಾನು ಗಂಡನ ಮುಖ ನೋಡಿದೆ. ಆ ಕೋಣೆಯಲ್ಲಿ ಅಷ್ಟು ಸಣ್ಣದಾಗಿ ಉರುಳುವ ವಸ್ತು ಒಂದೇ ಒಂದು, ಇಷ್ಟಲಿಂಗ. ಅದು ಬದುಕಿರುವವರ ಅಂಗೈಯಿಂದ ಬೀಳುವಂಥದ್ದಲ್ಲ.

ನಾನು ಬಾಗಿಲಿಗೆ ಒದ್ದೆ. ಎರಡನೆಯ ಒದೆತಕ್ಕೆ ಅಗುಳಿ ಕಿತ್ತುಬಂತು. ಮಾವನವರು ಗೋಡೆಗೆ ಒರಗಿದ್ದರು. ಕಣ್ಣು ಅರೆ ತೆರೆದಿತ್ತು, ಎಡ ಅಂಗೈ ತೊಡೆಯ ಮೇಲೆ ಖಾಲಿಯಾಗಿ ತೆರೆದಿತ್ತು. ಕೆನ್ನೆ ಕೆಂಪಾಗಿ, ತುಟಿ ನಗುವಂತೆ ಸಡಿಲಾಗಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ನಾನೇ ತಪ್ಪು ಮಾಡಿದೆನೇನೋ, ಪೂಜೆ ಕೆಡಿಸಿದೆನೇನೋ ಎಂದು ಹೆದರಿದೆ. ಅಷ್ಟು ಶಾಂತವಾಗಿತ್ತು ಆ ಮುಖ. ಆಮೇಲೆ ಅವರ ಬಾಯಿಯ ಅಂಚಿನಲ್ಲಿ ಇಳಿದಿದ್ದ ಜೊಲ್ಲು ಕಂಡಿತು.

ಮದುವೆಯಾದಾಗಿನಿಂದ ಕಾಲಿಗೆ ಬೀಳುವಾಗ ಬಿಟ್ಟರೆ ನಾನು ಅವರನ್ನು ಮುಟ್ಟಿದವಳಲ್ಲ. ಅಂದು ಬಗಲಿಗೆ ಕೈ ಹಾಕಿ ದರದರ ಎಳೆದುಕೊಂಡು ಅಂಗಳಕ್ಕೆ ತಂದೆ. ನಮ್ಮ ಮನೆಯವರು ಕಾಲು ಹಿಡಿದರು. ಗಾಡಿಯಲ್ಲಿ ಟಾಕಿಯ ಪಕ್ಕ ಮಲಗಿಸಿ, ಆಳಂದದ ಆಸ್ಪತ್ರೆಗೆ ಹೊಡೆದೆವು. ಅಲ್ಲಿ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರು.

"ಮನ್ಯಾಗ ಏನರ ಸುಟ್ಟಿದ್ರೇನು? ಇದ್ದಲಿ, ಒಲಿ, ಏನರ ಹೊಗಿ?" ಎಂದು ಕೇಳಿದರು ಡಾಕ್ಟರು.

"ಏನೂ ಇಲ್ರಿ. ಪೂಜಾದಾಗ ಕುಂತಿದ್ರು," ಎಂದರು ನಮ್ಮ ಮನೆಯವರು.

"ಜನರೇಟರ್ ಏನರ ಅದನ?"

ಅದು ಮನೆಯಲ್ಲಿ ಇನ್ನೂ ಓಡುತ್ತಿತ್ತು. ಇಷ್ಟೆಲ್ಲ ಆದರೂ ಅದನ್ನು ಬಂದ್ ಮಾಡಬೇಕೆಂದು ಇಬ್ಬರಿಗೂ ನೆನಪಾಗಿರಲಿಲ್ಲ. ಅದು ಯಾರ ಕಿವಿಗೂ ಬಿದ್ದಿರಲೇ ಇಲ್ಲ. ಶಾಮಿಯಾನದವನ ಮಷೀನಾಗಿದ್ದರೆ ಮೊದಲನೆಯ ದಿನವೇ ಮಾವನವರು ಎದ್ದು ಬಂದು ನನ್ನನ್ನು ಬೈದು, ಅದನ್ನು ಊರ ಹೊರಗೆ ಇಡಿಸುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಯೋಚಿಸಿದ್ದು ಅದನ್ನೇ.

ಅಲ್ಲಿಂದ ಕಲಬುರಗಿಗೆ ಕರೆದೊಯ್ದು ಒಂಬತ್ತು ದಿನ ಇಟ್ಟುಕೊಂಡರು. ಕೆನ್ನೆಯ ಆ ಕೆಂಪು ಕಳೆಯದಲ್ಲ, ಹೊಗೆಯ ಜೊತೆ ಕಾಣದೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ್ದು ಎಂದರು. ಜೀವ ಉಳಿಯಿತು. ಕೈ ನಡುಗುವುದು ಉಳಿಯಿತು, ಮಾತಿನ ಮಧ್ಯೆ ಪದ ಸಿಗದೆ ನಿಲ್ಲುವುದು ಉಳಿಯಿತು. ಮಠದಿಂದ ಅಯ್ಯನವರು ಬಂದು ಇಷ್ಟಲಿಂಗವನ್ನು ಮತ್ತೆ ಅವರ ಕೈಗೆ ಕೊಟ್ಟರು. ಸಂದಿಯ ತಗಡನ್ನು ನಾನೇ ಕಿತ್ತು ಬಿಸಾಡಿದೆ. ಜನರೇಟರನ್ನು ಮಾರಲಿಲ್ಲ, ಹೊಟ್ಟೆಪಾಡು ನಡೆಯಬೇಕು. ಈಗ ಅದು ಗಾಡಿಯಿಂದ ಇಳಿದರೆ ಬಯಲಿಗೇ ಇಳಿಯುತ್ತದೆ, ಎಲ್ಲರಿಂದ ಹದಿನೈದು ಹೆಜ್ಜೆ ದೂರ. ಸೊನ್ನ ಎಂಬ ಊರಿನ ಕಡೆ ಒಬ್ಬರು ತಮ್ಮ ಶೆಡ್ಡಿನೊಳಗೆ ಇಡಿ, ಸದ್ದೇ ಇಲ್ಲವಲ್ಲ ಎಂದಾಗ ನಾನು ಆಡಿದ ಮಾತಿಗೆ ಅವರು ಮತ್ತೆ ನಮ್ಮನ್ನು ಕರೆಯಲಿಲ್ಲ.

ಮಾವನವರು ಮತ್ತೆ ಪೂಜೆಗೆ ಕೂರತೊಡಗಿದರು. ಹತ್ತು ನಿಮಿಷ. ಮತ್ತೆ ಅದೇ ಸಿಡಿಮಿಡಿ. ಬದುಕಿದ್ದಾರಲ್ಲ, ಸಿಡುಕಲಿ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ತಿಂಗಳಾಗಿರಬೇಕು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಯವ್ವಾ, ಆ ಮಷೀನ್ ಎಲ್ಲದ?"

"ಗಾಡ್ಯಾಗ ಅದರಿ ಮಾವಾ. ಯಾಕ್ರಿ?"

"ಅದನ್ನ ಅಲ್ಲೇ ಸಂದ್ಯಾಗ ಇಡು. ದಿನಾ ಬ್ಯಾಡ. ಯಾವಾಗರ ಒಮ್ಮೆ."

ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲವೇನೋ ಎಂದುಕೊಂಡು, ಅದು ಪೂಜೆಯ ಫಲವಾಗಿರಲಿಲ್ಲ, ಮಷೀನಿನ ವಿಷವಾಗಿತ್ತು ಎಂದು ಮೆಲ್ಲಗೆ ಬಿಡಿಸಿ ಹೇಳಿದೆ.

"ಗೊತ್ತದ," ಎಂದರು. "ಡಾಕ್ಟರ್ ಹೇಳ್ಯಾನ." ಮುಂದಿನ ಪದಕ್ಕಾಗಿ ಬಹಳ ಹೊತ್ತು ಹುಡುಕಿದರು. "ವಿಷ ಇದ್ದರ ಇರಲಿ. ಆಕಿ ಹೋದ ಮ್ಯಾಲ ನನ್ನ ಮನಸ್ಸು ನಿಂತದ್ದು ಆ ಹದಿನೇಳು ದಿನಾನೇ, ಯವ್ವಾ. ನೀ ಛಲೋ ಮಷೀನ್ ಆರಿಸಿದ್ದಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿರಿಯರ ಮುಂದೆ ಆಡಬಾರದ ಮಾತೆಲ್ಲ ಆಡಿದೆ, ಆಡುತ್ತಾ ಆಡುತ್ತಾ ಅತ್ತುಬಿಟ್ಟೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ರೊಟ್ಟಿ ಸೀಯುತ್ತಿದೆ ಎಂದು ಹೆಂಚಿನ ಕಡೆ ತೋರಿಸಿ ಹೋದರು.

ಅಂದಿನಿಂದ ಜನರೇಟರಿನ ಕೀಲಿ ನನ್ನ ತಾಳಿಯ ಜೊತೆ ಕೊರಳಲ್ಲಿರುತ್ತದೆ. ಪೂಜೆಯ ಕೋಣೆಗೆ ಹೊಸ ಅಗುಳಿ ಹಾಕಿಸಿಲ್ಲ. ಅವರು ಕೂತಾಗ ನಾನು ಹೊಸ್ತಿಲ ಹೊರಗೆ ಕೂತು, ಅವರ ಬೆನ್ನು ಉಸಿರಿಗೆ ಏರಿಳಿಯುವುದನ್ನು ನೋಡುತ್ತಿರುತ್ತೇನೆ. ಹತ್ತು ನಿಮಿಷಕ್ಕೆ ಏಳುತ್ತಾರೆ. ಹೊಸ್ತಿಲು ದಾಟುವಾಗ ಅವರ ಕಣ್ಣು ನನ್ನ ಕೊರಳಿನ ಕೀಲಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ನಾನು ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತೇನೆ.